ಕುಂದಾಪುರಕ್ಕೆ ಹೊರಟ ಹನ್ನೆರಡು ಬಾಟಲಿಗಳು

ಈಗ ಡಯಾಲಿಸಿಸ್‌ಗೆ ದೊಡ್ಡ ದೊಡ್ಡ ಮೆಷೀನುಗಳಿವೆ. ನಾನು ಹೇಳುತ್ತಿರುವುದು ಎಪ್ಪತ್ತರ ದಶಕದ ಆರಂಭದ ಮಾತು. ಬ್ರಹ್ಮಾವರದ ನಮ್ಮ ಪುಟ್ಟ ಆಸ್ಪತ್ರೆಯಲ್ಲಿ ಅದಕ್ಕೆಂದು ಇದ್ದದ್ದು ಒಂದೇ ಮಂಚ. ಅಂದು ಅದರ ಮೇಲೆ ಬೈಂದೂರಿನ ರೋಗಿ. ಅತ್ತ ಕುಂದಾಪುರದ ಆಸ್ಪತ್ರೆಯಲ್ಲಿ ಗಂಗೊಳ್ಳಿಯ ಗಿರಿಜಾ ಹೆರಿಗೆಯಾದ ಮೇಲೆ ಮೂತ್ರ ನಿಂತು, ಮೈಯೆಲ್ಲ ಊದಿಕೊಂಡು ಮಲಗಿದ್ದಳು.

“ಇವತ್ತೇ ಶುರು ಮಾಡದಿದ್ದರೆ ಉಳಿಯುವುದಿಲ್ಲ. ಅಲ್ಲೇ ಎರಡನೇ ಮಂಚ ತೆರೆಯೋಣ. ನೀವು ಹೊರಡಿ ಸಿಸ್ಟರ್,” ಎಂದರು ಡಾಕ್ಟರು. ಹೊಟ್ಟೆಯೊಳಗೆ ದ್ರವ ಬಿಟ್ಟು, ವಿಷ ತೊಳೆದು ಹೊರತೆಗೆಯುವ ಕೆಲಸ ಬಲ್ಲ ನರ್ಸ್ ನಾನೊಬ್ಬಳೇ. ದಾರಿ ಹದಿನಾಲ್ಕು ಮೈಲಿ. ಆಸ್ಪತ್ರೆಯ ಜೀಪು ಮಂಗಳೂರಿಗೆ ಹೋಗಿದ್ದರಿಂದ ಹನ್ನೊಂದರ ಬಸ್ಸೇ ಗತಿ.

ಗಿರಿಜಾಳ ಗಂಡ ಮಂಜ, ಮೀನು ಹಿಡಿಯುವವ, ನನ್ನನ್ನು ಕರೆದೊಯ್ಯಲು ಬಂದಿದ್ದ. ನಾನು ರಬ್ಬರ್ ಟ್ಯೂಬುಗಳನ್ನು ತರುವಷ್ಟರಲ್ಲಿ ಆ ದ್ರವದ ಹನ್ನೆರಡು ಗಾಜಿನ ಬಾಟಲಿಗಳನ್ನು ತನ್ನ ಮೀನಿನ ಬುಟ್ಟಿಗೆ ತುಂಬಿ, ಗೋಣಿ ಮುಚ್ಚಿ ನಿಂತಿದ್ದ. ವೆರಿ ಗುಡ್ ಎಂದೆ.

ಮಾಬುಕಳದ ಸೇತುವೆ ದಾಟಿದೆವು. ಹಿಂದಿನ ಸೀಟಿನ ಯಜಮಾನರು ಕೂಗಿಕೊಂಡರು. “ಹ್ವಾಯ್, ಯಾರ್ದ್ ಬುಟ್ಟಿ? ಬಂಗ್ಡಿ ಮೀನ್ ನೀರಂಗೆ ನನ್ ಚಪ್ಲಿ ಚಂಡಿ ಆಯ್ತ್!”

ಗೋಣಿ ಎತ್ತಿದೆ. ಮೈ ಗಾಡ್! ಬಾಟಲಿಗಳ ಸುತ್ತ ಐಸು.

“ಬೆಲೆ ಬಾಳೂದ್ ಹಾಳಾಪ್ದ್ ಬ್ಯಾಡ ಅಂದೇಳಿ ಗಂಗೊಳ್ಳಿಂದ್ಲೇ ಐಸ್ ತಂದೆ ಅಮ್ಮಾ,” ಎಂದ ಮಂಜ, ಹೆಮ್ಮೆಯಿಂದ.

“ಇದು ಮೀನಲ್ಲ ಮಾರಾಯ! ಮೈಯಷ್ಟು ಬಿಸಿ ಇದ್ದರೆ ಮಾತ್ರ ಹೊಟ್ಟೆಗೆ ಬಿಡಬಹುದು. ಹೀಗೇ ಬಿಸಿನೀರಿಗಿಟ್ಟರೆ ಗಾಜು ಒಡೆಯುತ್ತದೆ. ತಾನಾಗಿ ಬೆಚ್ಚಗಾಗುವ ತನಕ ಕಾಯಲು ಗಿರಿಜಾಳಿಗೆ ಟೈಮಿಲ್ಲ.”

ಮಂಜನ ಮುಖ ಬಿಳಿಚಿತು. ಮುಂದಿನ ಸೀಟುಗಳಲ್ಲಿ ಮೀನು ಮಾರಿ ಊರಿಗೆ ಹೊರಟ ಹೆಂಗಸರಿದ್ದರು. ಅವರಲ್ಲಿ ಹಿರಿಯಳಾದ ಅಕ್ಕಮ್ಮ ತಿರುಗಿದಳು. “ಹೆಂಡ್ತಿನೂ ಐಸಂಗೇ ಇಟ್ಕಂತ್ಯಾ? ತಾ ಇಲ್ಲ್ ಒಂದ್ ಬಾಟ್ಲಿ!”

ಬಾಟಲಿ ಒರೆಸಿ ಮಡಿಲಲ್ಲಿಟ್ಟು ಸೆರಗು ಹೊದೆಸಿದಳು. ಉಳಿದವರೂ ಕೈಚಾಚಿದರು. ಚಪ್ಪಲಿ ಒದ್ದೆಯಾದ ಯಜಮಾನರು ಒಂದನ್ನು ಅಂಗಿಯೊಳಗೆ ಸೇರಿಸಿಕೊಂಡು “ಉಹುಹೂ” ಎಂದು ನಡುಗಿದಾಗ ಬಸ್ಸೆಲ್ಲ ನಗು. ಟಿಕೆಟ್ ಟಿಕೆಟ್ ಎಂದು ಬಂದ ಕಂಡಕ್ಟರನಿಗೆ ಅಕ್ಕಮ್ಮ ಗದರಿದಳು: “ಶಿಶು ಮನಿಕಂಡಿತ್, ಬೊಬ್ಬೆ ಹಾಕ್ಬ್ಯಾಡ!”

ತೆಕ್ಕಟ್ಟೆಯ ಹೊತ್ತಿಗೆ ಗಾಜಿನ ಚಳಿ ಬಿಟ್ಟಿತ್ತು. ಕುಂದಾಪುರದಲ್ಲಿ ಬಾಟಲಿಗಳನ್ನು ಬೆಚ್ಚನೆಯ ನೀರಿನಲ್ಲಿಟ್ಟೆ. ಅಲ್ಲಿಯ ಡಾಕ್ಟರು ಟ್ಯೂಬು ಹಾಕಿದರು. ಒಂದೂವರೆಗೆ ಮೊದಲ ಬಾಟಲಿ ಗಿರಿಜಾಳ ಹೊಟ್ಟೆಗಿಳಿಯಿತು. ಮುಂದಕ್ಕೆ ಬೇಕಾದ ಬಾಟಲಿಗಳು ಸಂಜೆ ಬ್ರಹ್ಮಾವರದಿಂದ ಜೀಪಿನಲ್ಲಿ ಬಂದವು.

ನಾನು ಅಲ್ಲೇ ಉಳಿದೆ. ಮಂಜನ ತಾಯಿ ದಿನವೂ ಗಂಜಿ, ಸುಟ್ಟ ಒಣಮೀನು ತರುತ್ತಿದ್ದಳು. ಮೂರನೆಯ ದಿನ ಮಧ್ಯಾಹ್ನ ಮಂಜ ವರಾಂಡದುದ್ದಕ್ಕೂ ಓಡಿದ. “ಉಚ್ಚಿ ಬಂತ್ ಮಾರಾಯ್ರೆ! ನನ್ ಹೆಂಡ್ತಿಗ್ ಉಚ್ಚಿ ಬಂತ್!”

ನಾನು ಕಲಿತ ಕಾನ್ವೆಂಟಿನ ಮದರ್ ಇದ್ದಿದ್ದರೆ ಕಿವಿ ಮುಚ್ಚಿಕೊಳ್ಳುತ್ತಿದ್ದರು. ನಾನು ಮಾತ್ರ ಅಳತೆಯ ಗಾಜನ್ನು ಬಿಸಿಲಿಗೆ ಹಿಡಿದು ಕುಣಿದೇಬಿಟ್ಟೆ.

ಒಂದು ವಾರ ಕಳೆದು ನಾನು ಊರಿಗೆ ಹೊರಟಾಗ ಹಾವು ಕಚ್ಚಿದ ಶಿರೂರಿನ ರೈತನೊಬ್ಬನನ್ನು ಹೊತ್ತು ತಂದರು. ಅವನಿಗೂ ಮೂತ್ರ ನಿಂತಿತ್ತು. ನಾನು ಬಾಯಿ ತೆರೆಯುವ ಮೊದಲೇ ಗಿರಿಜಾ ಕೂಸನ್ನೆತ್ತಿಕೊಂಡು ಮಂಚದಿಂದ ಇಳಿದಳು. “ಇಲ್ಲ್ ಮನ್ಗ್ಸಿ ಅಮ್ಮಾ. ನಂಗೆ ಚಾಪಿ ಸಾಕ್.”

ಬ್ಯಾಗು ಕೆಳಗಿಟ್ಟು ಹಾಸಿಗೆಯ ಬಟ್ಟೆ ಬದಲಿಸಿದೆ. ಕಿಟಕಿಯಾಚೆ ಬ್ರಹ್ಮಾವರದ ಬಸ್ಸು ನನ್ನನ್ನು ಬಿಟ್ಟು ಹೊರಟಿತು. ಅದಕ್ಕೆ ಟಾಟಾ ಮಾಡಿ ತೋಳಿನ ಬಟ್ಟೆ ಮೇಲಕ್ಕೆ ಮಡಚಿದೆ.