ಅಪ್ಪ ಹೆಕ್ಕಿದ ಚರಗ

ಅಮಾವಾಸ್ಯೆಯ ದಿನ ಊರಿಗೆ ಊರೇ ಬಾಗಿಲಿಗೆ ಬೀಗ ಜಡಿದು, ಬುತ್ತಿ ಹೊತ್ತು ಹೊಲಕ್ಕೆ ಹೊರಡುವುದನ್ನು ನೀವು ಕಂಡಿದ್ದೀರಾ? ಸುರಪುರಕ್ಕೆ ಬರುವ ತನಕ ನಾನಂತೂ ಕಂಡಿರಲಿಲ್ಲ. ಮದ್ದೂರಿನ ಕಡೆಯ ನಮ್ಮೂರಲ್ಲಿ ಅಮಾವಾಸ್ಯೆ ಎಂದರೆ ಅಪ್ಪ ದೂರದ ಬಸ್ಸು ಹತ್ತುತ್ತಿರಲಿಲ್ಲ, ನಮ್ಮನ್ನೂ ಹತ್ತಿಸುತ್ತಿರಲಿಲ್ಲ. ಇಲ್ಲಿ ಎಳ್ಳಮವಾಸ್ಯೆಯ ಬೆಳಿಗ್ಗೆ ಬೀದಿಯಲ್ಲಿ ನಾಯಿಗಳೂ ಇರಲಿಲ್ಲ. ಅವೂ ಹೊಲಕ್ಕೆ ಹೋಗಿದ್ದವು!

ನಾನು ಇಲ್ಲಿನ ಆಸ್ಪತ್ರೆಯಲ್ಲಿ ನರ್ಸ್. ಬಂದ ಮೊದಲ ತಿಂಗಳು ದಿನಾ ಅತ್ತಿದ್ದೇನೆ, ಸುಳ್ಳೇಕೆ. ಬಿಸಿಲು ಹಾಗಿತ್ತು, ಜನರ ಮಾತೂ ಹಾಗೇ ಇತ್ತು. "ಏನ್ರಿ ಸಿಸ್ಟರ್, ಸೂಜಿ ಹಿಂಗ ಚುಚ್ತಾರೇನು?" ಎಂದು ಒಬ್ಬ ಅಜ್ಜಿ ಗದರಿದ್ದಳು. ಮರುದಿನ ಅದೇ ಅಜ್ಜಿ ಸೆರಗಿನಲ್ಲಿ ಶೇಂಗಾ ಕಟ್ಟಿಕೊಂಡು ಬಂದು ನನ್ನ ಮೇಜಿನ ಮೇಲೆ ಸುರಿದಳು. ಆಮೇಲೆ ಯಾರ ಗದರಿಕೆಗೂ ಹೆದರಲಿಲ್ಲ. ಜೋಳದ ರೊಟ್ಟಿ ಬಡಿಯುವುದನ್ನು ಕಲಿತೆ. ಊರು ಹಿಡಿಸಿತು. ಅಷ್ಟರಲ್ಲಿ ಅಪ್ಪ ಅಮ್ಮ ಬಂದಿಳಿದರು, ನನ್ನನ್ನು ವಾಪಸ್ ಕರೆದೊಯ್ಯಲು. ಮಂಡ್ಯದ ಯಾವುದೋ ನರ್ಸಿಂಗ್ ಹೋಮಿನಲ್ಲಿ ಅಪ್ಪ ಕೆಲಸ ಮಾತಾಡಿ ಇಟ್ಟಿದ್ದ. "ಅಲ್ಲಾದ್ರೆ ಕಣ್ಮುಂದೆ ಇರ್ತೀಯ, ಬಂದ್ಬಿಡವ್ವ" ಎಂದ.

ಅಪ್ಪ ಅಕ್ಕಿ ಗಿರಣಿಯಲ್ಲಿ ದುಡಿದವನು. ತಟ್ಟೆಯಿಂದ ಒಂದು ಅಗುಳು ಬಿದ್ದರೆ ಹೆಕ್ಕಿಸಿ, ತೊಳೆಸಿ, ತಿನ್ನಿಸಿಯೇ ಏಳಗೊಡುತ್ತಿದ್ದ. ಹೊಡೆದವನಲ್ಲ, ಸುಮ್ಮನೆ ನೋಡುತ್ತಾ ನಿಲ್ಲುತ್ತಿದ್ದ, ಅದಕ್ಕಿಂತ ಎರಡೇಟು ವಾಸಿ ಎನಿಸುತ್ತಿತ್ತು. ಹರಿದ ಚಪ್ಪಲಿ, ಮುರಿದ ಛತ್ರಿ, ಬೆಳೆದ ಮಗಳು, ಯಾವುದನ್ನೂ ಮನೆಯಿಂದ ಆಚೆ ಬಿಡದ ಜೀವ. ಅಮ್ಮ ತದ್ವಿರುದ್ಧ. ಬಾಗಿಲಿಗೆ ಬಂದವರಿಗೆಲ್ಲ ಮುದ್ದೆ. ನನ್ನ ಹೊಸ ಲಂಗವನ್ನೇ ಪಕ್ಕದ ಮನೆಯ ಹುಡುಗಿಗೆ ಕೊಟ್ಟು "ಬಿಡು ಅತ್ಲಾಗೆ, ನಿಂಗೆ ಇನ್ನೊಂದು ಹೊಲಿಸಿದ್ರಾಯ್ತು" ಎಂದವಳು. ಅಪ್ಪ ಬೇಡವೆಂದ ಶಾಲೆಯ ಪ್ರವಾಸಕ್ಕೆ ಕದ್ದು ಕಳಿಸಿದವಳೂ, ಜಗಳವಾಡಿ ನರ್ಸಿಂಗಿಗೆ ಸೇರಿಸಿದವಳೂ ಅವಳೇ. ಈ ಸಲವೂ ಅಮ್ಮ ನನ್ನ ಕಡೆಗೇ ಎಂದು ಗಟ್ಟಿಯಾಗಿ ನಂಬಿದ್ದೆ.

ಆ ಅಮಾವಾಸ್ಯೆಯ ಬೆಳಿಗ್ಗೆ ಮನೆಯೊಡತಿ ಶರಣಮ್ಮ ಬಾಗಿಲಲ್ಲಿ ನಿಂತು ಕೂಗಿದಳು. "ಏನ್ರಿ, ಇನ್ನಾ ರೆಡಿ ಆಗಿಲ್ಲೇನು? ಅಪ್ಪ ಅವ್ವಗ ಕರ್ಕೊಂಡು ನಡೀರಿ, ಟಂಟಂ ಗಾಡಿ ನಿಂತದ. ಬರಲ್ಲ ಅಂದ್ರ ನಾ ಬಿಡಂಗಿಲ್ಲ ನೋಡ್ರಿ!"

ಶಹಾಪುರದ ರಸ್ತೆಯಲ್ಲಿ ಅವರ ಹೊಲ. ನಾಲೆಯಂಚಿನ ಗದ್ದೆಗಳನ್ನು ಕಂಡ ನಮ್ಮ ಕಣ್ಣಿಗೆ ಆ ಕರಿನೆಲದ ಅಗಲವೇ ದಿಗಿಲು ಹುಟ್ಟಿಸಿತು. ಮುಗಿಲು ಇಳಿಯುವ ತನಕ ಜೋಳವೇ ಜೋಳ. ಶರಣಮ್ಮನ ಗಂಡ ಬಸಣ್ಣ ಪೂಜೆ ಮುಗಿಸಿ, ಸಜ್ಜೆ ರೊಟ್ಟಿ, ಕಡುಬು, ಕಾಳು ಸೊಪ್ಪು ಕೂಡಿಸಿ ಕುದಿಸಿದ ಭಜ್ಜಿ ಎಲ್ಲವನ್ನೂ ಬುಟ್ಟಿಯಲ್ಲಿ ಕಲಸಿ, ಕೂಗು ಹಾಕುತ್ತಾ ಹೊಲದ ಸುತ್ತ ಎರಚತೊಡಗಿದ. ಇದಕ್ಕೆ ಚರಗ ಚೆಲ್ಲುವುದು ಎನ್ನುತ್ತಾರೆ. ತಿರುಗಿ ನೋಡಿದರೆ, ಅಯ್ಯೋ ನನ್ನ ಕರ್ಮವೇ, ಅಪ್ಪ ಅವನ ಹಿಂದೆಯೇ ಬಗ್ಗಿ ಬಗ್ಗಿ ಚೆಲ್ಲಿದ ರೊಟ್ಟಿ ತುಣುಕುಗಳನ್ನು ಹೆಕ್ಕಿ ಟವೆಲಿಗೆ ಹಾಕಿಕೊಳ್ಳುತ್ತಿದ್ದಾನೆ!

ಬಸಣ್ಣ ಬುಟ್ಟಿ ಬಿಟ್ಟು ಓಡಿ ಬಂದ. "ಏ ಅಪ್ಪಾರ, ಬಿಡ್ರಿ ಬಿಡ್ರಿ! ಅದು ಭೂಮ್ತಾಯಿ ಪಾಲು. ಆಕಿ ಬಸರಿ ಅದಾಳ್ರಿ, ಬಯಕಿ ಊಟ ಇದು. ಬಸರ ಹೆಣ್ಮಗಳ ತಾಟಿನ್ಯಾಗಿಂದು ಯಾರರ ತಗೊಂತಾರೇನ್ರಿ?"

ನಾಚಿಕೆಯಿಂದ ಸತ್ತೇ ಹೋದೆ ಅಂದುಕೊಂಡೆ. ಅಪ್ಪ ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಿ, ಹೆಕ್ಕಿದ್ದನ್ನು ಒಂದೊಂದಾಗಿ ಎಲ್ಲಿಂದ ತೆಗೆದಿದ್ದನೋ ಅಲ್ಲಿಗೇ ಇಟ್ಟು ಬಂದ. ಬಸಣ್ಣ ಬುಟ್ಟಿಯನ್ನು ಅವನ ಕೈಗೇ ಕೊಟ್ಟ. ಅಪ್ಪ ಮೊದಲು ಚಿಟಿಕೆಯಷ್ಟು ಎರಚಿದ. ಆಮೇಲೆ ಹಿಡಿ. ಆಮೇಲೆ ಬೊಗಸೆ. ಜನ್ಮದಲ್ಲಿ ಅಗುಳು ಬಿಡದ ಮನುಷ್ಯ ಜೋಳದ ಸಾಲಿನಲ್ಲಿ ಅನ್ನ ಚೆಲ್ಲುತ್ತಾ ನಡೆದದ್ದನ್ನು ನಾನು ಬಾಯಿ ಬಿಟ್ಟುಕೊಂಡು ನೋಡಿದೆ.

ಅಷ್ಟರಲ್ಲಿ ಅಕ್ಕಪಕ್ಕದ ಹೊಲದ ಹೆಂಗಸರು "ಸಿಸ್ಟರ್ರ, ನಮ್ಮ ಹೊಲಕ್ಕೂ ಬರ್ರಿ" ಎಂದು ನನ್ನ ರಟ್ಟೆ ಹಿಡಿದು ಎಳೆಯುತ್ತಿದ್ದರು. ಒಬ್ಬಳು ಹೋಳಿಗೆ ಬಾಯಿಗೇ ತುರುಕಿದಳು.

ಊಟಕ್ಕೆ ಕೂತಾಗ ಅಪ್ಪ ಮೆಲ್ಲಗೆ ಅಮ್ಮನಿಗೆ ಹೇಳಿದ, "ಈ ಜನ ನಮ್ಮವ್ಳನ್ನ ಚೆಂದಾಗಿ ನೋಡ್ಕತಾರೆ ಕಣೆ. ಇರ್ಲಿ ಬಿಡು, ಅವ್ಳು ಇಲ್ಲೇ ಇರ್ಲಿ. ಮಂಡ್ಯದವ್ರಿಗೆ ನಾನು ಹೇಳ್ಕತೀನಿ."

ಅಮ್ಮ ಕೈಲಿದ್ದ ರೊಟ್ಟಿ ಕೆಳಗಿಟ್ಟಳು. "ಇರ್ಲಿ ಅಂತೀರಾ? ನೋಡಿದ್ರಾ, ಇವ್ರಾಗ್ಲೇ ಇವ್ಳನ್ನ ತಮ್ಮವ್ಳೇ ಮಾಡ್ಕಂಡವ್ರೆ. ಕೇಳಿದವ್ರಿಗೆಲ್ಲ ಕೊಟ್ಟಿವ್ನಿ ನಾನು, ಇವ್ಳನ್ನ ಕೊಡಾಕಿಲ್ಲ!" ಎಂದು ಅಷ್ಟು ಜನರ ನಡುವೆ ಗೊಳೋ ಎಂದು ಅತ್ತಳು.

ಇಪ್ಪತ್ತಾರು ವರ್ಷ ಇವರಿಬ್ಬರ ಕೈಯಲ್ಲೇ ಬೆಳೆದೆ. ಆದರೂ ಯಾರದು ಕೊಡುವ ಕೈ, ಯಾರದು ಬಿಡದ ಕೈ ಎಂದು ನನಗೆ ಗೊತ್ತೇ ಇರಲಿಲ್ಲ. ಶರಣಮ್ಮ ಅಮ್ಮನ ಬೆನ್ನು ಸವರುತ್ತಾ "ಅಳಬ್ಯಾಡ ಯವ್ವಾ, ನಾ ಅದೀನಲ್ಲ" ಎಂದಷ್ಟೂ ಅಮ್ಮನ ಅಳು ಹೆಚ್ಚಾಯಿತು.

ಎರಡು ದಿನದ ಮೇಲೆ ಯಾದಗಿರಿ ಸ್ಟೇಷನ್ನಿನಲ್ಲಿ ಅವರನ್ನು ರೈಲು ಹತ್ತಿಸಿದೆ. ಅಮ್ಮ ಕಿಟಕಿಯಿಂದ ನನ್ನ ಕೈ ಬಿಡಲೇ ಇಲ್ಲ. ಅಪ್ಪ "ಬಿಡೆ, ಅವ್ಳಿಗೆ ಡ್ಯೂಟಿಗೆ ಹೊತ್ತಾಯ್ತದೆ" ಎಂದು ಅವಳ ಬೆರಳು ಬಿಡಿಸಿದ. ನಾನು ಬಯಸಿದ್ದೇ ಆಗಿತ್ತು. ಆದರೂ ರೈಲು ಕದಲುವ ತನಕ ಅಪ್ಪನ ಮುಖವನ್ನೇ ನೋಡುತ್ತಾ ನಿಂತೆ. ಇನ್ನೊಂದೇ ಒಂದು ಸಲ "ಬಂದ್ಬಿಡವ್ವ" ಎಂದಿದ್ದರೆ ಹತ್ತಿಬಿಡುತ್ತಿದ್ದೆ.