ಸೋಮವಾರದೊಳಗೆ ಒಬ್ಬ ದುಷ್ಟ ಬೇಕು

ನನ್ನ ಮಗಳು ರಾಕ್ಷಸರನ್ನು ಮಾಡುವ ಕೆಲಸದಲ್ಲಿದ್ದಾಳೆ. ಓಣಿಯ ಹೆಂಗಸರು ಕೇಳಿದರೆ ನಾನು ಹೀಗೆಯೇ ಹೇಳುತ್ತೇನೆ, ಸುಳ್ಳು ಹೇಳಿ ನನಗೆ ರೂಢಿಯಿಲ್ಲ. ನಮ್ಮೂರ ಧಾನ್ಯಪೇಟೆ ನೆಹರು ಗಂಜಿನಲ್ಲಿ ತೊಗರಿಬೇಳೆ ಗೋದಾಮಿನ ಮೇಲೊಂದು ಕೋಣೆ ಹಿಡಿದು ಅವಳೂ ಅವಳ ಮೂವರು ಜೊತೆಗಾರರೂ ವಿಡಿಯೋ ಗೇಮ್ ಮಾಡುತ್ತಾರೆ. ಒಬ್ಬ ವೀರ, ಅವನ ಕೈಯಲ್ಲೊಂದು ಖಡ್ಗ, ಅವನಿಗೆ ಅಡ್ಡ ಬರಲು ಒಬ್ಬ ದುಷ್ಟ. ಎರಡು ಭಾಗ ಮುಗಿದಿದ್ದವು. ಮೂರನೆಯದನ್ನು ಮಾಡಿಸಬೇಕಾದ ಹೈದರಾಬಾದಿನ ಸಾಹೇಬರು ಫೋನಿನಲ್ಲಿ, ನಿಮ್ಮ ವೀರ ಪರವಾಗಿಲ್ಲ, ದುಷ್ಟರು ಮಾತ್ರ ಆಟ ಮುಗಿದ ಗಳಿಗೆಗೇ ಮರೆತುಹೋಗುತ್ತಾರೆ ಎಂದರಂತೆ. ಸೋಮವಾರ ಬರುತ್ತೇನೆ, ನೆನಪಿನಲ್ಲಿ ಉಳಿಯುವ ದುಷ್ಟನನ್ನು ತೋರಿಸಿ, ಇಲ್ಲದಿದ್ದರೆ ಇಲ್ಲಿಗೇ ನಿಲ್ಲಿಸೋಣ ಎಂದೂ ಹೇಳಿದರಂತೆ. ನಾಲ್ಕು ಜನರ ಕೆಲಸ ಇನ್ನೂ ಹುಟ್ಟದ ಒಬ್ಬ ದುಷ್ಟನ ಕೈಯಲ್ಲಿ ಹೋಗಿ ನಿಂತಿತು.

ಮಧ್ಯಾಹ್ನದ ಡಬ್ಬಿ ಕೊಡಲು ಹೋದರೆ ಗೋಡೆಯ ತುಂಬ ಚಿತ್ರಗಳು. ಬೆಂಕಿ ಉಗುಳುವವನು, ಕಣ್ಣಿನ ಜಾಗದಲ್ಲಿ ಹಾವಿದ್ದವನು, ಹತ್ತು ಕೈಯವನು.

"ಇಂವ ಹ್ಯಾಂಗ್ ಅದಾನವ್ವಾ? ಅಂಜಿಕಿ ಬರ್ತದಿಲ್ಲೊ?" ಎಂದಳು ಮಗಳು.

"ಪಾಪ, ಹತ್ತೂ ಕೈಗಿ ಅಂಗಿ ಯಾರ್ ಹೊಲಿತಾರ ಅನಸ್ತದ."

ಮಗಳು ಆ ಚಿತ್ರವನ್ನು ಹರಿದು ಬುಟ್ಟಿಗೆ ಹಾಕಿದಳು. ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು.

ನನಗೆ ತಿಳಿದದ್ದು ದೇವರ ಮುಂದೆ ನಿಲ್ಲುವುದೊಂದೇ. ಮರುದಿನ ಸೇಡಂ ರಸ್ತೆಯ ಗುಡಿಗೆ ಹೋಗಿ ಅಭಿಷೇಕಕ್ಕೆ ಹೇಳಿದೆ.

"ಯಾರ ಹೆಸರ್ಲೆ ಮಾಡ್ಲೆವ್ವಾ?" ಎಂದರು ಪೂಜಾರಿ.

"ಹೆಸರು ಇನ್ನಾ ಇಟ್ಟಿಲ್ರಿ. ಒಬ್ಬ ದುಷ್ಟ ಅದಾನ."

"ಯಾರಿಗಿ ಕಾಡ್ಲತ್ತಾನ?"

"ಕಾಡಾಕ ಇನ್ನಾ ಹುಟ್ಟೇ ಇಲ್ರೀ ಅಜ್ಜಾರ. ಸೋಮಾರದೊಳಗ ಹುಟ್ಟಬೇಕು. ಭಾಳ ಕೆಟ್ಟಾಂವ ಹುಟ್ಟಲಿ ಅಂತ ಬೇಡಿಕೋರಿ."

ತಂಬಿಗೆ ಹಿಡಿದ ಅವರ ಕೈ ಅಲ್ಲೇ ನಿಂತಿತು. ಬಿಡಿಸಿ ಹೇಳಿದ ಮೇಲೆ, ಎಲ್ಲದಕ್ಕೂ ಇರಲಿ ಎಂದು "ಲೋಕಕಲ್ಯಾಣಾರ್ಥ" ಅಂತ ಸೇರಿಸಿ ನೀರೆರೆದರು. ಬೈದು ಕಳಿಸಲಿಲ್ಲ, ಅದೊಂದು ದಯೆ. ದುಷ್ಟ ಸಿಕ್ಕರೆ ಕಮಲಾಪುರದ ಕೆಂಪು ಬಾಳೆಗೊನೆ ಒಪ್ಪಿಸುತ್ತೇನೆಂದು ಹರಕೆ ಹೊತ್ತೆ. ಹಣ್ಣು ಮೊದಲೇ ತಂದಿಟ್ಟರೆ ದೇವರಿಗೂ ನಂಬಿಕೆ ಬಂದೀತೆಂದು ಶನಿವಾರವೇ ಹೊರಟೆ. ತಲೆಗೆ ಗಾಳಿಯಾದರೂ ತಾಗಲಿ ಎಂದು ನಾಲ್ವರೂ ನನ್ನ ಜೊತೆ ಜೀಪು ಹತ್ತಿದರು.

ಕಮಲಾಪುರದಲ್ಲಿರುವವಳು ನನ್ನ ಸ್ವಂತ ಅಕ್ಕ. ಮನೆಯ ಹಿಂದೆಯೇ ಅವಳ ಬಾಳೆತೋಟ. ಗೊನೆ ಕಡಿಸಿಕೊಂಡು ಅರ್ಧ ತಾಸಿನಲ್ಲಿ ತಿರುಗುವ ಮಾತಾಗಿತ್ತು. ಆದರೆ ಬಂದವರು ಉಣ್ಣದೆ ಹೊಸ್ತಿಲು ದಾಟುವುದು ನಮ್ಮ ಕಡೆ ಇಲ್ಲ. ಅಕ್ಕನ ಮನೆಯಲ್ಲಂತೂ ಉಂಡು ದಾಟುವುದೂ ಸುಲಭವಲ್ಲ.

ಐದನೆಯ ರೊಟ್ಟಿಗೆ ಮಗಳ ಜೊತೆಗಾರ ಕೋಟನೂರಿನ ಹುಡುಗ ಎರಡೂ ಕೈ ತಾಟಿನ ಮೇಲೆ ಅಡ್ಡ ಹಿಡಿದ. ಅಕ್ಕ ರೊಟ್ಟಿಯನ್ನು ಅವನ ಕೈ ಮೇಲೆಯೇ ಇಟ್ಟು, ರೊಟ್ಟಿಯ ಮೇಲೆ ತುಪ್ಪ ಸುರಿದಳು. ಚಿತ್ರ ಬರೆಯುವ ಹುಡುಗಿ "ಬಸ್ ಖಾಲಾ, ಬಸ್" ಎಂದು ಕೈಮುಗಿದಳು; ಅವಳ ಮನೆಮಾತಿನಲ್ಲಿ ಖಾಲಾ ಎಂದರೆ ದೊಡ್ಡಮ್ಮ.

"ಖಾಲಾ ಅಂತಿ, ಮತ್ತ ಖಾಲಾನ ಮಾತ್ ಮೀರ್ತಿ?" ಎಂದು ಅಕ್ಕ ಪುಂಡಿಪಲ್ಯ ಬಡಿಸಿದಳು.

ಮೂರನೆಯವನು ಕೈ ತೊಳೆಯುವ ನೆವದಲ್ಲಿ ಹಿತ್ತಲ ಬಾಗಿಲಿಗೆ ಹೋದ. ಅಲ್ಲಿ ಅಕ್ಕ ಮೊಸರಿನ ಗಡಿಗೆ ಹಿಡಿದು ನಿಂತಿದ್ದಳು. ಯಾವ ದಾರಿಯಿಂದ ಹೋದಳೋ ದೇವರೇ ಬಲ್ಲ. ಅವನು ಮರಳಿ ಬಂದು ತಾಟಿನ ಮುಂದೆ ಕೂತ. ಎಲ್ಲರ ಚಪ್ಪಲಿಗಳೂ ಆಗಲೇ ಅಟ್ಟ ಸೇರಿದ್ದವು.

ಮಗಳು ತುತ್ತನ್ನು ಬಾಯಿಯ ಹತ್ತಿರವೇ ನಿಲ್ಲಿಸಿ ಮೆಲ್ಲಗೆ ಅಂದಳು: "ನೋಡ್ರಿ. ಆಕಿ ಕೈಯಾಗ ಹತಾರಿಲ್ಲ. ದನಿ ಏರ್ಸಿಲ್ಲ. ನಾವ್ ನಾಕ್ ಮಂದಿ ಅದೀವಿ, ಒಬ್ರಿಗೂ ಹೊರಗ್ ಹೋಗಾಕ್ ಆಗವಲ್ದು."

ನಾಲ್ವರೂ ಒಮ್ಮೆಲೇ ತಲೆಯೆತ್ತಿ ಅಕ್ಕನನ್ನು ನೋಡಿದರು. ಇನ್ನೂ ಬೇಕೇನೋ ಎಂದುಕೊಂಡು ಅವಳು ಇನ್ನೊಂದು ಸುತ್ತು ಬಂದಳು.

ಅವಳಿಗೆ ತಿಳಿಸದೆ ದನಿ ಹಿಡಿದುಕೊಳ್ಳೋಣ ಎಂದು ಒಬ್ಬ ಫೋನು ತೆಗೆದ. ನಾನು ಬಿಡಲಿಲ್ಲ. ಅಕ್ಕನ ಪಕ್ಕ ಕೂತು ಹೇಳಿಯೇಬಿಟ್ಟೆ: ಹೀಗೆ ಹೀಗೆ, ನಿನ್ನನ್ನು ಆಟದ ದುಷ್ಟೆ ಮಾಡುತ್ತಾರಂತೆ, ನೀನು ಹೂಂ ಅಂದರೆ ಇವರ ಕೆಲಸ ಉಳಿಯುತ್ತದೆ. ಅಕ್ಕ ಸೌಟು ಕೆಳಗಿಟ್ಟಳು.

"ನಾ ಆ ವೀರಗ ಹೊಡೀತೀನೇನು?"

"ಇಲ್ಲ ದೊಡ್ಡವ್ವ. ಬರೇ ಉಣಸ್ತಿ."

"ಬೈತೀನೇನು?"

"ಇಲ್ಲ."

"ಮತ್ತ ಕಡೀಗಿ ಏನಾಗ್ತದ?"

"ಅಂವ ತಪ್ಪಿಸ್ಕೊಂಡ್ ಹೋಗ್ತಾನ."

"ಹಂಗಾರ ಬ್ಯಾಡ," ಎಂದಳು ಅಕ್ಕ. "ದುಷ್ಟಿ ಅನ್ರಿ, ರಾಕ್ಷಸಿ ಅನ್ರಿ, ಕೋಡ್ ಹಚ್ಚರಿ. ನನ್ನ ಮನ್ಯಾಗಿಂದ ಮಂದಿ ತಪ್ಪಿಸ್ಕೊಂಡ್ ಓಡ್ತಾರ ಅಂತ ಊರೆಲ್ಲ ತೋರಸಬ್ಯಾಡ್ರಿ."

ವೀರ ಗೆಲ್ಲದಿದ್ದರೆ ಆಟವೇ ಮುಗಿಯುವುದಿಲ್ಲ ಎಂದು ಮಕ್ಕಳು ಗೋಗರೆದರು. ಅಕ್ಕ ಜಗ್ಗಲಿಲ್ಲ. ಹೊತ್ತು ಇಳಿಯತೊಡಗಿತ್ತು. ಕೊನೆಗೆ ನಾನೇ ಕೇಳಿದೆ, "ಅಕ್ಕಾ, ಬಂದವ್ರಿಗಿ ನೀ ಹ್ಯಾಂಗ್ ಕಳಸ್ತಿ, ಅದನ್ನರ ಹೇಳು."

"ಬುತ್ತಿ ಕಟ್ಟಿ ಕಳಸ್ತೀನಿ. ಬುತ್ತಿ ಇಸ್ಕೊಂಡಾಂವ ಸುಖವಾಗಿ ಹೋಗ್ಲಿ, ಯಾರ್ ಬ್ಯಾಡ ಅಂತಾರ?"

ಅಲ್ಲಿಗೆ ಒಪ್ಪಂದವಾಯಿತು. ವೀರ ಬುತ್ತಿಯ ಗಂಟು ಹೊತ್ತರೆ ಮಾತ್ರ ಬಾಗಿಲು ತೆರೆಯುತ್ತದೆ. ಗಂಟಿಗೆ ಎರಡೂ ಕೈ ಬೇಕು, ಆದ್ದರಿಂದ ಖಡ್ಗವನ್ನು ಅಲ್ಲೇ ಬಿಡಬೇಕು. ಅಕ್ಕ ಫೋನಿಗೆ "ಇನ್ನೊಂದ್, ಬರೇ ಇನ್ನೊಂದ್" ಎಂದು ಇಪ್ಪತ್ತು ಬಗೆಯಾಗಿ ಹೇಳಿದಳು. ಯಾವುದಕ್ಕೂ ಕಲಿಸಬೇಕಾಗಲಿಲ್ಲ. ಹೊರಡುವಾಗ ಗೊನೆಯ ಜೊತೆ ನಮ್ಮ ಕೈಗೂ ಐದು ಗಂಟು ಬಂದವು.

ಸೋಮವಾರ ಸಾಹೇಬರು ಬಂದು ಆಡಲು ಕೂತರು. ನಾನು ಮೂಲೆಯಲ್ಲಿ ಕೂತು ಜಪ ಮಾಡುತ್ತಿದ್ದೆ. ಅವರು ಖಡ್ಗ ಬೀಸಿದರೆ ತೆರೆಯ ಮೇಲಿನ ಅಕ್ಕ ಅದನ್ನು ಇಸಿದುಕೊಂಡು ಉಳ್ಳಾಗಡ್ಡಿ ಹೆಚ್ಚಿ, ಒರೆಸಿ ವಾಪಸು ಕೊಟ್ಟಳು. ಕಿಟಕಿಗೆ ಹಾರಿದರೆ ಅಲ್ಲೂ ತಾಟು ಹಿಡಿದು ನಿಂತಳು. ಒಂದು ತಾಸು ಕಳೆಯಿತು. ಸಾಹೇಬರು ಅಂಗಿಯ ಮೇಲಿನ ಗುಂಡಿ ಬಿಚ್ಚಿದರು. ಕಡೆಗೆ ಖಡ್ಗ ಕೆಳಗೆ ಹಾಕಿ, ಗಂಟು ಹೊತ್ತು, ಬಾಗಿಲು ದಾಟಿ, ಕುರ್ಚಿಗೆ ಒರಗಿದರು. ಮೂರನೆಯದನ್ನು ಶುರು ಮಾಡಿ, ನಾಲ್ಕನೆಯದರಲ್ಲೂ ಈ ತಾಯಿಯೇ ಇರಲಿ ಎಂದರು. ಮಗಳು ಓಡಿ ಬಂದು ನನ್ನ ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಅವಳು ಹಾಗೆ ಮಾಡಿ ಎಷ್ಟು ವರ್ಷವಾಗಿತ್ತೋ. ಅದನ್ನೂ ದಯೆಗಳ ಲೆಕ್ಕಕ್ಕೆ ಸೇರಿಸಿಕೊಂಡೆ.

ಮಂಗಳವಾರ ನಾನು ಗುಡಿಗೆ ಗೊನೆ ಒಪ್ಪಿಸಿ ಬಂದೆ, ಮಕ್ಕಳು ಅಕ್ಕನಿಗೆ ಫೋನಿನಲ್ಲಿ ಆಟ ತೋರಿಸಿದರು. ತನ್ನ ಕೋಡುಗಳಿಗೂ ಕೆಂಪು ಕಣ್ಣುಗಳಿಗೂ ಅವಳು ಏನೂ ಅನ್ನಲಿಲ್ಲ.

"ಎಲ್ಲಾ ಬರಾಬರಿ ಅದ," ಎಂದಳು. "ಆದ್ರ ಇಷ್ಟು ದಪ್ಪ ರೊಟ್ಟಿ ನಾ ಯಾವಾಗ ಬಡದೀನಿ? ಮಂದಿ ಏನಂದಾರು!"

ಮಗಳು ಈಗ ಗೋದಾಮಿನ ಮೇಲಿನ ಕೋಣೆಯಲ್ಲಿ ಕೂತು ಇನ್ನೂರ ಚಿಲ್ಲರೆ ರೊಟ್ಟಿಗಳನ್ನು ಒಂದೊಂದಾಗಿ ತೆಳ್ಳಗೆ ಮಾಡುತ್ತಿದ್ದಾಳೆ.