ಯಾರೂ ತಿರುಗದ ಹೆಸರು

ತರಗತಿಯಲ್ಲಿ ನಾವು ಫೈಲಿಗೆ ಹೆಸರಿಡುವಾಗಲೆಲ್ಲ ಹುಮನಾಬಾದಿನ ನಮ್ಮ ಕಂಪ್ಯೂಟರ್ ಮಾಸ್ತರರು ಚಷ್ಮಾ ಒರೆಸುತ್ತ, "ಕರದ್ರ ಒಬ್ಬಾಂವ ಅಷ್ಟ ತಿರುಗಬೇಕ್ರಿ" ಎನ್ನುತ್ತಿದ್ದರು.

ಅವರು ಕನ್ನಡ ಅಕ್ಷರ ಜೋಡಿಸುವ ತಂತ್ರಾಂಶವೊಂದನ್ನು ಬರೆದು, ಎಲ್ಲರೂ ಬಳಸಲೆಂದು 'ಬಸವ' ಎಂಬ ಹೆಸರಿನಲ್ಲಿ ಅಂತರ್ಜಾಲಕ್ಕೆ ಬಿಟ್ಟಿದ್ದರು. ಅದೇ ಹೆಸರಿನ ಬೇರೊಬ್ಬರ ತಂತ್ರಾಂಶ ಮೊದಲೇ ಇತ್ತು. ಬಸವಕಲ್ಯಾಣದ ಮುದ್ರಣಾಲಯವೊಂದರಲ್ಲಿ ಹೆಸರು ಒಂದೇ ಆದ್ದರಿಂದ ಇವರದು ಹಳೆಯದನ್ನು ಅಳಿಸಿ ಅದರ ಜಾಗದಲ್ಲಿ ಕೂತು, ಲಗ್ನಪತ್ರಿಕೆಗಳ ಕೆಲಸ ನಿಂತುಹೋಯಿತು.

ಅದನ್ನು ಸರಿಪಡಿಸಿ ಬಂದ ಮಾಸ್ತರರು ನನ್ನನ್ನು ಬಸ್ ನಿಲ್ದಾಣಕ್ಕೆ ಕರೆದೊಯ್ದು, "ಬಸವಾ" ಎಂದು ಕೂಗಿದರು. ಅರ್ಧ ನಿಲ್ದಾಣವೇ ತಿರುಗಿತು. ಆಮೇಲೆ ತಮ್ಮೂರಿನ ಹೆಸರು ಸೇರಿಸಿ, "ಮೋರಖಂಡಿ ಅಕ್ಷರಜೋಡಣೆ" ಎಂದು ಕೂಗಿದರು. ಯಾರೂ ತಿರುಗಲಿಲ್ಲ.

"ಈ ಹೆಸರು ಖಾಲಿ ಐತ್ರಿ. ಇದನ್ನ ಇಡೂಣು."

ಹೊರಟಾಗ ಹಿಂದಿನಿಂದ ಯಾರೋ, "ಏ ಬಸವಾ" ಎಂದರು. ಮಾಸ್ತರರೂ ತಿರುಗಿದರು.